ಈರುಳ್ಳಿ ತುಂಬಿದ ಕಂಪ್ಯೂಟರ್ ಡಬ್ಬ

ಇದನ್ನು ಬರೆಯಬೇಕೆಂದು ಕಳೆದ ದಸರಾದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಕುಳಿತಾಗಲೆಲ್ಲ ಏನಾದರೊಂದು ನೆಪ ಸಿಗುತ್ತಿತ್ತು. ಪೆನ್ನು ಸರಿಯಿಲ್ಲ, ಕನ್ನಡಕ ಒರೆಸಬೇಕು, ಬಾಗಿಲಿಗೆ ಯಾರೋ ಬಂದರು. ಬರೆಯುವಂಥ ದೊಡ್ಡ ಅಪರಾಧವೇನಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡಿದ್ದೇನೆ. ಆದರೆ ನಮ್ಮ ಅಡುಗೆಮನೆಯಲ್ಲಿ ಆ ತಗಡಿನ ಡಬ್ಬದ ಮುಚ್ಚಳ ಸದ್ದು ಮಾಡಿದಾಗಲೆಲ್ಲ ಸಮಾಧಾನ ಅಲ್ಲಿಗೆ ಮುಗಿಯುತ್ತದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಕತ್ತರಿಸಿ, ಮಡಿಸಿ, ಕರೆಂಟ್ ಬೋರ್ಡಿನ ಡಬ್ಬಗಳನ್ನು ಮಾಡುತ್ತಲೇ ಕೂದಲು ಬೆಳ್ಳಗಾಯಿತು. ನನ್ನ ಕೈಯ ಡಬ್ಬ ವಾಪಸ್ ಬರುವುದಿಲ್ಲ ಎಂಬ ಹೆಸರಿತ್ತು. ನಿವೃತ್ತನಾದ ಮೇಲೂ ಆ ಹೆಸರನ್ನು ಬಿಟ್ಟುಕೊಡುವ ಮನಸ್ಸು ಬರಲಿಲ್ಲ. ಮಾರೇನಹಳ್ಳಿಯ ಮನೆಯಲ್ಲಿ ಈಗ ನಾವು ನಾಲ್ವರು: ನಾನು, ಹೆಂಡತಿ, ಮಗ, ಸೊಸೆ.

ಸೊಸೆ ಒಂದು ಇಂಟೀರಿಯರ್ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಅಡುಗೆಮನೆ, ಬೀರುಗಳ ನಕ್ಷೆ ತೆಗೆಯುವುದು. ಕೆಲಸ ಬಿಟ್ಟು ಸ್ವಂತವಾಗಿ ಆರ್ಡರ್ ಹಿಡಿಯಬೇಕೆಂಬ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. "ಪೂರ್ತಿ ನನ್ನ ಅಳತೇಲೇ ಮಾಡಿದ ಒಂದು ವಸ್ತು ಮೊದಲು ಸರಿಯಾಗಿ ನಿಂತ್ಕೊಳ್ಲಿ ಮಾವ, ಆಮೇಲೆ ರಾಜೀನಾಮೆ ಬರೀತೀನಿ" ಎನ್ನುತ್ತಿದ್ದಳು.

ಆ ವಸ್ತು ಕಂಪ್ಯೂಟರ್ ಡಬ್ಬವಾಯಿತು. ಅವಳ ಹಳೇ ಡಬ್ಬದೊಳಗೆ ಜಿರಳೆ ಸೇರಿ ಕಂಪ್ಯೂಟರ್ ಎರಡು ಸಲ ಕೈಕೊಟ್ಟಿತ್ತು. ಮೆಟ್ಟಿಲ ಕೆಳಗೆ, ಮೊದಲು ನನ್ನ ಹೆಂಡತಿಯ ಹೊಲಿಗೆ ಮೆಷಿನ್ ಇದ್ದ ಗೂಡಿನಲ್ಲಿ ಅದನ್ನು ಇಟ್ಟರೆ ಹಾಲ್‌ನಲ್ಲಿ ಜಾಗವಾಗುತ್ತಿತ್ತು. ಅಂಗಡಿಯ ಡಬ್ಬ ಯಾವುದೂ ಆ ಗೂಡಿನಲ್ಲಿ ಹಿಡಿಸಲಿಲ್ಲ. ನಾವೇ ಮಾಡೋಣ ಅಂದಳು. ನನಗೆ ಹಬ್ಬ ಬಂದಷ್ಟು ಖುಷಿ. ರಿಟೈರಾದ ಮೇಲೆ ನನ್ನನ್ನು ಯಾರೂ ಒಂದು ಮೊಳೆ ಹೊಡೆಯಲೂ ಕರೆದಿರಲಿಲ್ಲ.

ಹಳೇ ಡಬ್ಬ ಬಿಚ್ಚಿ ಒಳಗಿನದನ್ನೆಲ್ಲ ಹುಳಿಗೆ ತರಕಾರಿ ಹೆಚ್ಚಿಟ್ಟ ಹಾಗೆ ಪೇಪರಿನ ಮೇಲೆ ಹರಡಿದಳು. ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಅಂಟಿಸಿ, ಒಂದು ಮಾದರಿ ಮಾಡಿದಳು. ಬೊಂಬೆ ಮನೆ ಮಾಡ್ತಿದೀಯೇನಮ್ಮ ಎಂದು ನಾನು ನಕ್ಕೆ.

"ಬೊಂಬೆಗೂ ಗಾಳಿ ಬೇಕಲ್ಲ ಮಾವ. ಗೂಡಿನ ಹಿಂದೆ ಗೋಡೆ ಇದೆ, ಬಿಸಿ ಗಾಳಿ ಎಲ್ಲಿಂದ ಹೋಗತ್ತೆ ಹೇಳಿ ನೋಡೋಣ?"

ನಾನು ಅದನ್ನು ಯೋಚಿಸಿರಲೇ ಇಲ್ಲ. ಅವಳು ಯೋಚಿಸಿದ್ದಳು. ಕೆಳಗಿನಿಂದ ತಣ್ಣನೆ ಗಾಳಿ ಒಳಗೆ, ಮುಂದಿನ ಮೇಲ್ಭಾಗದಿಂದ ಬಿಸಿ ಗಾಳಿ ಹೊರಗೆ, ಎರಡೂ ಕಡೆ ಜಿರಳೆ ನುಗ್ಗದಷ್ಟು ಸಣ್ಣ ಜಾಲರಿ. ಪ್ರತಿಯೊಂದು ಅಳತೆಯನ್ನೂ ರಟ್ಟಿನ ಮೇಲೆಯೇ ಸ್ಕೆಚ್ ಪೆನ್ನಿನಲ್ಲಿ ಬರೆದಳು, ಬೇರೆಲ್ಲೂ ಬರೆದಿಡಲಿಲ್ಲ. ನಾನು ಸಂಖ್ಯೆಗಳನ್ನು ಚೀಟಿಗೆ ಇಳಿಸಿಕೊಂಡು ಹೊರಡುವಾಗ "ಇದೆಲ್ಲ ಒಳ ಅಳತೆ ಮಾವ" ಅಂದಳು. ನಾನು ಸ್ಕೂಟರ್ ಕೀ ಹುಡುಕುತ್ತ ಹೂಂ ಅಂದೆ.

ಕರೆಂಟ್ ಬೋರ್ಡಿನ ಕೆಲಸದಲ್ಲಿ ನಮಗೆ ಬರುತ್ತಿದ್ದದ್ದೆಲ್ಲ ಹೊರ ಅಳತೆ. ಹಳೇ ಕಾರ್ಖಾನೆಗೆ ಹೋಗಿ, ಪರಿಚಯದವರನ್ನೆಲ್ಲ ಮಾತಾಡಿಸಿ, ನಾನೇ ನಿಂತು ತಗಡು ಮಡಿಸಿದೆ. ಕೈಗೆ ಅಭ್ಯಾಸವಾದಂತೆ ಮಡಿಸಿದೆ. ಎರಡೂ ಬದಿಯ ತಗಡಿನ ದಪ್ಪ ಒಳಗಿನ ಜಾಗವನ್ನು ತಿಂದುಹಾಕಿತು.

ಭಾನುವಾರ ಎಲ್ಲರ ಮುಂದೆ ಜೋಡಿಸಲು ಕುಳಿತೆವು. ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆಯೇ ಒಳಗೆ ಕೂರಲಿಲ್ಲ. ಅಕ್ಕಿಕಾಳಿನ ದಪ್ಪದಷ್ಟು ಕಡಿಮೆ. ಮಗ ಟೀವಿಯ ಸದ್ದು ಕಡಿಮೆ ಮಾಡಿ ನನ್ನ ಮುಖ ನೋಡಿದ. ಅಷ್ಟೇ ಸಾಕಾಯಿತು ನನಗೆ.

"ಅಳತೆ ಕೊಟ್ಟಿದ್ದೇ ತಪ್ಪು ಕಣಮ್ಮ" ಅಂದುಬಿಟ್ಟೆ.

ಅವಳು ಆ ಪೆಟ್ಟಿಗೆಯನ್ನು ಮತ್ತೆ ಪೇಪರಿನ ಮೇಲಿಟ್ಟಳು. "ಸಾರಿ ಮಾವ. ನಿಮ್ಮ ಕೆಲಸ ಎಲ್ಲ ದಂಡ ಮಾಡಿಸ್ಬಿಟ್ಟೆ" ಅಂದಳು.

ಆಗಲೇ ನನಗೆ ಒಳಗೊಳಗೆ ಅನುಮಾನ. ಮಾರನೇ ದಿನ ಅವಳು ಆಫೀಸಿಗೆ ಮುಖ ತೋರಿಸಿ ಬರಲು ಹೋಗಿದ್ದಾಗ ಅಟ್ಟದಿಂದ ರಟ್ಟಿನ ಮಾದರಿ ಇಳಿಸಿ ಆ ಕರೆಂಟು ಪೆಟ್ಟಿಗೆಯನ್ನು ಅದರೊಳಗೆ ಇಟ್ಟು ನೋಡಿದೆ. ಸಲೀಸಾಗಿ ಕೂತಿತು. ರಟ್ಟಿನ ಅಂಚಿನಲ್ಲಿ 'ಒಳ ಅಳತೆ' ಎಂದು ದುಂಡಗೆ ಬರೆದಿತ್ತು, ಕೆಳಗೆ ಗೆರೆ ಬೇರೆ ಎಳೆದಿದ್ದಳು. ಅಷ್ಟರಲ್ಲಿ ಬೀದಿಯಲ್ಲಿ ಹಳೇ ಪೇಪರಿನವನು ಕೂಗಿದ. ರಟ್ಟನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿ ಪೇಪರಿನ ಕಟ್ಟಿನ ಮಧ್ಯೆ ಸೇರಿಸಿ ಅವನಿಗೆ ಹಾಕಿಬಿಟ್ಟೆ.

ಸಂಜೆ ಅವಳು ಆ ಮಾದರಿಯನ್ನು ಹುಡುಕಿದಳು. ಎಲ್ಲಿ ತಪ್ಪಾಯಿತೆಂದು ನೋಡಿ ಕಲಿಯಬೇಕಿತ್ತಂತೆ. ಅದರಲ್ಲಿ ಜಿರಳೆ ಆಗಿತ್ತು, ಹಾಕ್ಬಿಟ್ಟೆ ಅಂದೆ.

ಎರಡನೇ ಡಬ್ಬವನ್ನು ಸರಿಯಾಗಿ ಮಾಡಿದೆ. ನನ್ನ ಚೀಟಿಯಲ್ಲಿದ್ದ ಅವಳ ಅಳತೆಗಳನ್ನೇ, ಒಳ ಅಳತೆಯಾಗಿ ಹಿಡಿದು. ಮನೆಯವರಿಗೆ ಮಾತ್ರ ನಾನು ತಿದ್ದಿದೆ ಅಂದೆ. ಅದು ಗೂಡಿನಲ್ಲಿ ಎಷ್ಟು ಚೆನ್ನಾಗಿ ಕೂತಿದೆಯೆಂದರೆ ಗೋಡೆ ಕಟ್ಟುವಾಗಲೇ ಇಟ್ಟ ಹಾಗಿದೆ. ಅವಳು ಆರಿಸಿದ ಕಂದು ಬಣ್ಣಕ್ಕೆ ನನ್ನ ಹೆಂಡತಿ ಮುದ್ದೆ ಬಣ್ಣ ಎಂದು ಹೆಸರಿಟ್ಟಳು. ಆಯುಧಪೂಜೆಯ ದಿನ ಸ್ಕೂಟರ್ ಆದಮೇಲೆ ಅದಕ್ಕೂ ಕುಂಕುಮ, ಹೂವು. ಕುಂಕುಮ ಒಳಗೆ ಉದುರದಿರಲೆಂದು ಸೊಸೆ ಜಾಲರಿಗೆ ಪೇಪರ್ ಅಂಟಿಸಿದ್ದಳು. ಮಧ್ಯಾಹ್ನ ಊಟವಾದ ಮೇಲೆ ನಾನು ಅದರ ಪಕ್ಕದ ಕುರ್ಚಿಯಲ್ಲೇ ತೂಕಡಿಸುತ್ತೇನೆ. ಸದ್ದೇ ಇಲ್ಲ. ಬಂದವರಿಗೆಲ್ಲ ಅವಳು "ಇದು ನಮ್ಮ ಮಾವನ ಕೈ" ಎಂದು ತೋರಿಸುತ್ತಾಳೆ. ಈ ವಯಸ್ಸಿನಲ್ಲಿ ಇಷ್ಟು ಸಂತೋಷ ಸಿಕ್ಕಿದ್ದು ಹೆಚ್ಚೇ.

ಮೊದಲನೆಯ ಡಬ್ಬವನ್ನು ಹೆಂಡತಿ ಎಸೆಯಲು ಬಿಡಲಿಲ್ಲ. ಜಾಲರಿ ಇದೆ, ಗಾಳಿಯಾಡುತ್ತದೆ ಎಂದು ಈರುಳ್ಳಿ ತುಂಬಿದಳು. ಮಗ ಅದನ್ನು 'ಮೇಡಂ ಅಳತೆ ಡಬ್ಬ' ಎಂದು ಕರೆದ, ಆ ಹೆಸರೇ ನಿಂತಿತು. "ಮೇಡಂ ಅಳತೆಯಿಂದ ಎರಡು ಈರುಳ್ಳಿ ಕೊಡಿ" ಎನ್ನುತ್ತಾನೆ. ಸೊಸೆಯೂ ನಗುತ್ತಾಳೆ. ಆದರೆ ರಾಜೀನಾಮೆಯ ಮಾತು ಆಮೇಲೆ ಅವಳ ಬಾಯಲ್ಲಿ ಬಂದಿಲ್ಲ. ಕಿಟಕಿಯ ಪರದೆಗೆ ಅಳತೆ ತೆಗೆಯುವಾಗಲೂ ಟೇಪನ್ನು ನನ್ನ ಕೈಗೆ ಕೊಟ್ಟು, ನೀವೇ ಹಿಡೀರಿ ಮಾವ ಅನ್ನುತ್ತಾಳೆ.

ಮೊನ್ನೆ ಅನ್ನಪೂರ್ಣೇಶ್ವರಿ ನಗರದಿಂದ ಅವಳ ಗೆಳತಿ ಬಂದಿದ್ದಳು. ಡಬ್ಬ ನೋಡಿ, ತನಗೂ ಇಂಥದ್ದೇ ಬೇಕು, ಜೊತೆಗೆ ಹೊಸ ಮನೆಯ ಅಡುಗೆಮನೆಯ ನಕ್ಷೆಯನ್ನೂ ನೀನೇ ಮಾಡಿಕೊಡು ಎಂದು ಪಟ್ಟು ಹಿಡಿದಳು. ಸ್ವಂತದ ಮೊದಲ ಆರ್ಡರ್ ತಾನಾಗಿ ಮನೆಗೆ ಬಂದಿತ್ತು. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ.

"ಬೇಡ ಕಣೇ, ಅಳತೆ ನನ್ನ ಕೈಲಾಗಲ್ಲ. ಮಾವ ಇಲ್ದಿದ್ರೆ ಇದೂ ಈರುಳ್ಳಿ ಡಬ್ಬಾನೇ ಆಗ್ತಿತ್ತು" ಅಂದಳು ಸೊಸೆ.

ಕಾಳು ಯಾವುದು, ಸಿಪ್ಪೆ ಯಾವುದು ನೋಡದೆ ಎರಡನ್ನೂ ಒಂದೇ ತಟ್ಟೆಗೆ ಹಾಕಿಬಿಟ್ಟಿದ್ದೆ. ಅದನ್ನು ಆರಿಸಲು ಕುಳಿತ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ.

"ನನಗ್ಯಾಕ್ರೀ ಹೇಳ್ತೀರಾ? ಆ ಡಬ್ಬದಿಂದ ಈರುಳ್ಳಿ ತಗೊಳ್ಳೋಳು ನಾನು, ಹಂಗಿಸೋ ಮಾತು ಕೇಳೋಳು ಅವಳು" ಅಂದಳು.

ಗೆಳತಿ ಭಾನುವಾರ ಇನ್ನೊಂದು ಸಲ ಕೇಳಲು ಬರುತ್ತಾಳಂತೆ. ಅಷ್ಟರೊಳಗೆ ಈ ಹಾಳೆಗಳು ಕಂಪ್ಯೂಟರ್ ಮುಂದಿನ ಮೇಜಿನ ಮೇಲೆ ಇರಬೇಕು. ಬಾಯಲ್ಲಿ ಹೇಳುವ ಧೈರ್ಯ ಬಂದರೆ ಇನ್ನೂ ಒಳ್ಳೆಯದು, ಇದುವರೆಗೆ ಬಂದಿಲ್ಲ. ರಟ್ಟಿನ ಮೇಲಿದ್ದ ಒಂದೊಂದು ಅಳತೆಯೂ ಸರಿಯಾಗಿತ್ತು. ತಪ್ಪಿದ್ದು ತಗಡು ಮಡಿಸಿದ ಕೈ. ಈರುಳ್ಳಿ ಡಬ್ಬ ನನ್ನದು, ಗೂಡಿನಲ್ಲಿರುವುದು ಅವಳದು. ನನ್ನ ತಪ್ಪಿಗೆ ತಾನೇ ಸಾರಿ ಕೇಳಿದವಳು, ನಾನು ಈವರೆಗೂ ಯಾರಲ್ಲಿ ಕ್ಷಮೆ ಕೇಳಿಲ್ಲವೋ ಅವಳು, ನನ್ನ ಸೊಸೆ.