ಹಗಲುವೇಷದ ಕಡೇ ದಿನ

ನನ್ನ ತಮ್ಮ ಕಲ್ಮೇಶನನ್ನು ಇಲ್ಲಿಯವರೆಗೆ ಆರು ತಂಡಗಳು ಕೈಬಿಟ್ಟಿವೆ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿ ನೀವು ‘ಅಯ್ಯೋ ಪಾಪ’ ಅನ್ನುವುದು ಬೇಡ. ಪಾಪ ಅನ್ನಿಸಿಕೊಳ್ಳಲು ಅವನು ಹುಟ್ಟಿಲ್ಲ. ಕನಿಕರ ತುಳುಕುವಷ್ಟಿದ್ದರೆ ನಿಮ್ಮ ಬೆನ್ನುನೋವಿಗೆ ಇಟ್ಟುಕೊಳ್ಳಿ.

ನಾವು ಬಾಗಲಕೋಟೆ ಕಡೆಯವರು. ಅಪ್ಪ ಸೋಮಲಿಂಗಪ್ಪ ಸೇತುವೆ ಕಟ್ಟುವ ಎಂಜಿನಿಯರ್. ನಾನು ವೈಶಾಲಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಮೆರಿಕಕ್ಕೆ, ಸಿಯಾಟಲ್ ಪಕ್ಕದ ಶೋರ್‌ಲೈನ್‌ಗೆ ಬಂದವಳು. ಕಲ್ಮೇಶ ಇಲ್ಲಿಯೇ ಹುಟ್ಟಿದವನು. ಅವ್ವ ಎಷ್ಟೇ ಕನ್ನಡದಲ್ಲಿ ಬೈದರೂ ಎಲ್ಲ ತಿಳಿದುಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ. ಬೇರೆ ಮನೆಯ ಹುಡುಗರು ಶನಿವಾರ ಗಣಿತದ ಕ್ಲಾಸಿಗೆ ಹೋದರೆ ಇವನು ಗ್ಯಾರೇಜಿನ ಮಾಡಿನ ಆಚೆಗೆ ಚೆಂಡು ಎಸೆದು, ಈಚೆಯಿಂದ ಓಡಿಹೋಗಿ ತಾನೇ ಹಿಡಿಯುತ್ತಿದ್ದ.

ಅಮೆರಿಕನ್ ಫುಟ್‌ಬಾಲ್ ಹೆಸರಿಗೆ ಕಾಲಿನ ಆಟ, ಆಡುವುದು ಕೈಯಲ್ಲಿ. ಕ್ವಾರ್ಟರ್‌ಬ್ಯಾಕ್ ಅನ್ನುವವನ ಕೈಗೆ ಪ್ರತಿ ಸಲವೂ ಚೆಂಡು ಬರುತ್ತದೆ. ಅವನು ದೂರದವನಿಗೆ ಎಸೆಯಬೇಕು, ಇಲ್ಲವೇ ಪಕ್ಕದಲ್ಲಿ ಓಡುವವನ ಕೈಗೆ ತುರುಕಬೇಕು. ತಂಡಕ್ಕೆ ಆಡುವ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಮಿಕ್ಕವರು ಅವನಿಗೆ ಪೆಟ್ಟಾಗಲಿ ಅಂತ ಬಯಸಬಾರದು, ಆದರೆ ಪೆಟ್ಟಾದರೆ ಸಿದ್ಧವಾಗಿರಬೇಕು. ನನ್ನ ತಮ್ಮ ಸಿದ್ಧನಾಗಿಯೇ ಪ್ರಾಯ ಕಳೆದ.

ಮೊಂಟಾನಾದ ಒಂದು ಸಣ್ಣ ಕಾಲೇಜು. ಆಮೇಲೆ ಐಸ್‌ಹಾಕಿ ಆಟದ ಅಂಗಳದ ಮೇಲೆ ಹಸಿರು ಜಮಖಾನ ಹಾಸಿ ಆಡುವ ಒಳಾಂಗಣ ಲೀಗು. ಆಮೇಲೆ ಕೆನಡಾ. ಕೊನೆಗೆ ದೊಡ್ಡ ಲೀಗಿನ ಅಭ್ಯಾಸದ ಪಡೆ, ಅದೂ ಇವತ್ತು ಈ ಊರು, ನಾಳೆ ಆ ಊರು. ಕಾರಿನ ಡಿಕ್ಕಿಯಲ್ಲಿ ಒಂದು ಚೀಲ ಬಟ್ಟೆ, ಅವ್ವ ಕೊಟ್ಟ ಪ್ರೆಶರ್ ಕುಕ್ಕರ್. ಯಾವ ಊರಿಗೆ ಹೋದರೂ ಮೊದಲ ದಿನವೇ ಕುಕ್ಕರ್ ಕೂಗಿಸಿ ಅವ್ವನಿಗೆ ಫೋನಿನಲ್ಲಿ ಸೀಟಿ ಕೇಳಿಸುತ್ತಿದ್ದ.

ಅಭ್ಯಾಸದ ಪಡೆಯಲ್ಲಿ ಅವನ ಕೆಲಸವೇ ಬೇರೆ. ಮುಂದಿನ ಭಾನುವಾರ ಎದುರಾಗುವ ತಂಡದ ಕ್ವಾರ್ಟರ್‌ಬ್ಯಾಕ್ ಹೇಗೆ ನಿಲ್ಲುತ್ತಾನೆ, ಹೇಗೆ ಎಸೆಯುತ್ತಾನೆ ಅನ್ನುವುದನ್ನು ವಾರವಿಡೀ ಹಾಗೆಯೇ ಆಡಿ ತೋರಿಸಬೇಕು, ತಮ್ಮವರು ಅವನನ್ನು ತಡೆಯುವುದನ್ನು ಕಲಿಯಲಿ ಅಂತ. ಒಂದು ವಾರ ಎಡಚನಿದ್ದ; ಇವನು ಎಡಗೈಯಲ್ಲೇ ಎಸೆದು ಭುಜ ಬಾತುಕೊಂಡು ಕೂತ. ಇವನು ಹಾಕುವುದು ಕೆಂಪು ಅಂಗಿ, ಅಂದರೆ ಯಾರೂ ಮುಟ್ಟಬಾರದು ಅಂತ. ಭಾನುವಾರ ಬಂದಾಗ ಆಡುವವರು ಬೇರೆ, ಇವನು ಟೋಪಿ ಹಾಕಿಕೊಂಡು ಗೆರೆಯ ಆಚೆ ನಿಲ್ಲುತ್ತಿದ್ದ. ಮತ್ತೊಬ್ಬರಾಗಿ ಸಾವಿರ ಸಲ ಎಸೆದವನು ಆ ಲೀಗಿನಲ್ಲಿ ತಾನಾಗಿ ಒಂದು ಸಲವೂ ಎಸೆದಿರಲಿಲ್ಲ.

ಅವ್ವ ಶರಣವ್ವನಿಗೆ ಇದನ್ನು ವಿವರಿಸಿ ನಾನು ಸುಸ್ತಾಗಿದ್ದೆ. ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಅಯ್ಯ, ಇಷ್ಟೇನು? ಹಗಲುವೇಷ ಅನ್ನು. ನಮ್ಮೂರಿಗೆ ಬರ್ತಿದ್ರಲ್ಲ, ಒಂದಿನ ರಾಮ, ಮರುದಿನ ರಾವಣ, ಇನ್ನೊಂದಿನ ಪೊಲೀಸ. ಯಾರ ಮುಖ ಯಾರದು ಅಂತ ಗೊತ್ತಾಗ್ತಿರಲಿಲ್ಲ. ಕಡೇ ದಿನ ಬಣ್ಣ ತೊಳಕೊಂಡು ಸ್ವಂತ ಮುಖದಾಗ ಬಾಗಿಲಿಗೆ ಬರ್ತಿದ್ರು. ಅವತ್ತ ಮೊರ ತುಂಬ ಜೋಳ ನೀಡ್ತಿದ್ವಿ. ನನ್ನ ಮಗಾ ಸ್ವಂತ ಮುಖದಾಗ ಬರ್ಲಿ, ನಾ ಕಾಳು ತಗದಿಟ್ಟೀನಿ.”

ಕಳೆದ ಯುಗಾದಿಗೆ ಈಸ್ಟ್‌ಗೇಟ್‌ನಲ್ಲಿ ಚಕ್ರಪಾಣಿಯವರ ಮನೆಯಲ್ಲಿ ಊಟವಿತ್ತು. ಬೆಂಗಳೂರಿನವರು, ರೆಡ್ಮಂಡ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಕೆಟ್ಟವರಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ!

“ಕಲ್ಮೇಶ್ ಇನ್ನೂ ಬೆಂಚಲ್ಲೇ ಕೂತಿದಾನಾ? ಬೇಜಾರು ಮಾಡ್ಕೋಬೇಡಿ, ಊಟಕ್ಕಿಲ್ಲದ ಉಪ್ಪಿನಕಾಯಿ ಆಗ್ಬಿಟ್ಟ. ನಮ್ ಟೀಮಲ್ಲಿ ಓಪನಿಂಗ್ ಇದೆ, ರೆಸ್ಯೂಮೆ ಕಳ್ಸಕ್ಕೆ ಹೇಳಿ.”

ನನಗೆ ಮೈಯೆಲ್ಲ ಉರಿಯಿತು. “ಉಪ್ಪಿನಕಾಯಿ ಭರಣಿಯಲ್ಲಿ ಕೂತಷ್ಟೂ ರುಚಿ ಚಕ್ರಪಾಣಿಯವರೇ. ಹಳಸೋದು ಬಿಸಿಬೇಳೆ ಭಾತು” ಎಂದೆ. ಅವರ ತಟ್ಟೆಯಲ್ಲಿ ಅದೇ ಇತ್ತು. ಸುತ್ತ ಕೂತವರು ನಕ್ಕರು, ಅಪ್ಪ ಮಾತ್ರ ನಗಲಿಲ್ಲ.

ಮನೆಗೆ ಬಂದವರೇ ಅಪ್ಪ ಕಲ್ಮೇಶನಿಗೆ ಫೋನ್ ಮಾಡಿದರು. “ಮೂವತ್ತೊಂದು ಆತಪಾ ನಿನಗ. ಈ ವರ್ಷ ಒಂದು ಆಟನೂ ಆಡಲಿಲ್ಲಂದ್ರ ಚಕ್ರಪಾಣಿಯವರಿಗೆ ರೆಸ್ಯೂಮೆ ಕಳಸ್ತೀಯಾ?”

ಆ ಕಡೆಯಿಂದ ತಮ್ಮ, ಕಳಿಸುತ್ತೇನೆ, ಮಾತು ಕೊಟ್ಟೆ ಅಂದ. ಅಪ್ಪನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ ವಾರ ಪೂರ್ತಿ ಅವರಿಗೆ ಚಹಾ ಮಾಡಿಕೊಡಲಿಲ್ಲ.

ಬೇಸಿಗೆ ಹೋಯಿತು, ದೀಪಾವಳಿ ಹೋಯಿತು, ಅವನು ಟೋಪಿ ಹಾಕಿಕೊಂಡೇ ನಿಂತಿದ್ದ. ಡಿಸೆಂಬರಿನಲ್ಲಿ ಅವನ ತಂಡ ಸಿಯಾಟಲ್‌ಗೆ ಆಡಲು ಬಂತು, ಆ ವರ್ಷದ ಕೊನೆಯ ಆಟಕ್ಕೆ. ಅವರ ಎರಡನೆಯ ಕ್ವಾರ್ಟರ್‌ಬ್ಯಾಕ್‌ಗೆ ಆಗಲೇ ಮೊಣಕಾಲು ಹೋಗಿತ್ತು, ಅದಕ್ಕೇ ಕಲ್ಮೇಶನಿಗೆ ಕೆಂಪು ಅಂಗಿ ಕಳಚಿ ನಿಜವಾದ ಅಂಗಿ ಕೊಟ್ಟಿದ್ದರು. ಅಪ್ಪ ಬರಲಿಲ್ಲ. ಅವ್ವ, ನಾನು ಹೋದೆವು. ಕ್ರೀಡಾಂಗಣದೊಳಗೆ ಪಾರದರ್ಶಕ ಚೀಲ ಮಾತ್ರ ಬಿಡುತ್ತಾರೆ. ಅವ್ವನ ಚೀಲದಲ್ಲಿ ಸ್ವೆಟರ್ ಇತ್ತು, ಅದರ ಕೆಳಗೆ ಒಂದು ಸೇರಿನಷ್ಟು ಬಿಳಿಜೋಳ. ಬಾಗಿಲಲ್ಲಿದ್ದ ಹೆಂಗಸು ಎತ್ತಿ, ಅಲ್ಲಾಡಿಸಿ, ಇದೇನು ಅಂದಳು. ಹಾರೈಸುವುದಕ್ಕೆ ಅಂದೆ. ತಲೆ ಕೊಡವಿ ಒಳಗೆ ಬಿಟ್ಟಳು.

ಆಟ ಮುಗಿಯಲು ಎರಡು ನಿಮಿಷವೂ ಇರಲಿಲ್ಲ. ಅವರು ಸೋಲುವುದು ಖಚಿತವಾಗಿತ್ತು. ಆಗ ಮೊದಲನೆಯವನು ಬಿದ್ದು ಏಳಲಿಲ್ಲ. ಕಲ್ಮೇಶ ಹೆಲ್ಮೆಟ್ ಸಿಕ್ಕಿಸಿಕೊಂಡು ಓಡಿದ. “ಮುಖಾನ ಕಾಣವಲ್ದಲ್ಲ!” ಎಂದು ಅವ್ವ ಪೇಚಾಡಿದಳು.

ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನಲ್ಲಿ ಸಣ್ಣ ಸ್ಪೀಕರ್ ಇರುತ್ತದೆ, ಕೋಚ್ ಅದರಲ್ಲಿ ಮಾತಾಡುತ್ತಾನೆ. ಇಂಥ ಹೊತ್ತಿನಲ್ಲಿ ಕೋಚ್ ಹೇಳುವುದು ಒಂದೇ ಮಾತು: ಎಸೆಯಬೇಡ, ಓಡುವವನಿಗೆ ಕೊಡು, ಗಡಿಯಾರ ಮುಗಿಸು, ಮನೆಗೆ ಹೋಗೋಣ. ತಮ್ಮ ಕೊಟ್ಟ. ಮತ್ತೆ ಕೊಟ್ಟ. ಹೀಗೆ ಕೊಟ್ಟು ಕೊಟ್ಟೇ ಮುಗಿದರೆ ಇದನ್ನು ಆಟ ಅನ್ನುತ್ತಾರೆಯೇ? ಅಪ್ಪ ಒಪ್ಪಿಯಾರು. ಇವನು ಒಪ್ಪುವುದಿಲ್ಲ, ಅದು ನನಗೆ ಗೊತ್ತು.

ಕೊನೆಯ ಒಂದು ಸರದಿ ಉಳಿಯಿತು. ಪ್ರತಿ ಸರದಿಗೂ ಮುಂಚಿನ ಹದಿನೈದು ಸೆಕೆಂಡು ಆ ಸ್ಪೀಕರ್ ತಾನಾಗಿ ಬಂದ್ ಆಗುತ್ತದೆ, ಅದು ಲೀಗಿನ ನಿಯಮ. ಆಮೇಲೆ ಕ್ವಾರ್ಟರ್‌ಬ್ಯಾಕ್‌ನ ಕಿವಿಯಲ್ಲಿ ಯಾರೂ ಇಲ್ಲ. ಎದುರಾಳಿಗಳೆಲ್ಲ, ಇನ್ನೇನು ಕೊಡುತ್ತಾನೆ ಅಂತ ಮುಂದಕ್ಕೆ ಬಂದು ಗುಂಪಾಗಿ ನಿಂತಿದ್ದರು. ಹಿಂದೆ ಅಂಗಳ ಖಾಲಿ. ನನ್ನ ತಮ್ಮ ಅದನ್ನು ನೋಡಿದ. ತಲೆ ಎತ್ತಿ ಎಡಕ್ಕೆ ಕೂಗಿದ, ಬಲಕ್ಕೆ ಕೂಗಿದ. ಆಟ ಬದಲಾಯಿತು ಅಂತ ಅದರ ಅರ್ಥ.

“ಏನಂತ ಒದರಾಕತ್ತಾನ?” ಅವ್ವ ಕೇಳಿದಳು.

“ಕೋಚ್ ಮಾತು ಮೀರಾಕತ್ತಾನವ್ವಾ!” ಅಂದೆ.

“ಮೀರ್ಲಿ!” ಎಂದು ಅವ್ವ ಎದ್ದು ನಿಂತಳು.

ಚೆಂಡು ಅವನ ಕೈಗೆ ಬಂತು. ಕೊಡುವ ಹಾಗೆ ಮಾಡಿ ಕೊಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಎಸೆದ. ಗ್ಯಾರೇಜಿನ ಮಾಡಿನ ಆಚೆಗೆ ಎಸೆಯುತ್ತಿದ್ದನಲ್ಲ, ಅದೇ ಎಸೆತ, ಅದನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಅಷ್ಟರಲ್ಲಿ ಇಬ್ಬರು ದಾಂಡಿಗರು ಅವನನ್ನು ಎತ್ತಿ ನೆಲಕ್ಕೆ ಬಡಿದರು. ಅವ್ವ ‘ಯಪ್ಪಾ!’ ಎಂದು ಕಿರುಚಿದಳು. ಅತ್ತ ದೂರದಲ್ಲಿ ಒಬ್ಬ ಒಂಟಿಯಾಗಿ ಓಡುತ್ತ ಚೆಂಡು ಹಿಡಿದ, ಮೂವತ್ತು ಗಜ ದಾಟಿ ಬಿದ್ದ. ಗಡಿಯಾರ ಮುಗಿಯಿತು. ಸೋತರು.

ಕಲ್ಮೇಶ ಎದ್ದು ಹೆಲ್ಮೆಟ್ ತೆಗೆದ. ದೊಡ್ಡ ಪರದೆಯ ಮೇಲೆ ಅವನ ಮುಖ ಬಂತು, ಮೂಗಿನಿಂದ ರಕ್ತ, ಹಲ್ಲು ಕಿರಿದು ನಗುತ್ತಿದ್ದಾನೆ. ಮುಂದಿನ ಸಾಲಿನವನೊಬ್ಬ ಇವನ್ಯಾರಪ್ಪ ಅಂತ ಗೊಣಗಿದ. ಅವ್ವ ಅವನ ಭುಜ ತಟ್ಟಿ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ನನ್ನ ಮಗ, ನೋಡಿಕೋ ಅಂದಳು.

ಆಟಗಾರರ ಬಸ್ಸಿನ ಹತ್ತಿರ ಕಟಕಟೆಯ ಈಚೆ ಕಾದೆವು. ಮೂಗಿಗೆ ಹತ್ತಿ ತುರುಕಿಕೊಂಡು ಬಂದ. ಅವ್ವ ಅವನ ಎರಡೂ ಕೈ ಜೋಡಿಸಿ ಬೊಗಸೆ ಮಾಡಿಸಿ ಜೋಳ ಸುರಿದಳು. ಅವಳ ಕಣ್ಣು ತುಂಬಿತ್ತು, ನನ್ನವೂ ತುಂಬಿದ್ದವು, ಅದರಲ್ಲಿ ಮುಚ್ಚುಮರೆ ಏನು?

ಕಲ್ಮೇಶ ಬೊಗಸೆ ನೋಡಿದ. ಆಮೇಲೆ ಒಂದು ಕಾಳೂ ಕೆಳಗೆ ಬೀಳದ ಹಾಗೆ ವಾಪಸ್ ಅವ್ವನ ಚೀಲಕ್ಕೆ ಸುರಿದ. ಮೂವತ್ತೊಂದು ವರ್ಷದಲ್ಲಿ ಅವನು ಅವ್ವನಿಗೆ ಕನ್ನಡದಲ್ಲಿ ಕೊಟ್ಟ ಮೊದಲ ಪೂರಾ ಉತ್ತರ ಅದು.

“ಇದು ಕಡೇ ದಿನ ಅಲ್ಲವ್ವಾ.”

ಮಂಗಳವಾರ ಆ ತಂಡ ಅವನನ್ನು ತೆಗೆದುಹಾಕಿತು. ರೆಸ್ಯೂಮೆ ಹೋಗಲಿಲ್ಲ, ಆಡಿದನಲ್ಲ, ಮಾತು ತೀರಿತು ಅಂತ ಅಪ್ಪನೇ ಚಕ್ರಪಾಣಿಯವರಿಗೆ ಹೇಳಿದರು. ಕಲ್ಮೇಶ ಈಗ ಟೆಕ್ಸಾಸ್‌ನ ಒಂದು ವಸಂತಕಾಲದ ಲೀಗಿನಲ್ಲಿದ್ದಾನೆ, ಅಲ್ಲಿಯೂ ಎರಡನೆಯವನು. ಮೊನ್ನೆ ಫೋನಿನಲ್ಲಿ ಕುಕ್ಕರ್ ಕೂಗಿತು.

ಜೋಳದ ಚೀಲ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದೆ. ಬೀಸಿಸಿ ರೊಟ್ಟಿ ಮಾಡೋಣವೇ ಎಂದು ಕೇಳಿದೆ. ಅವ್ವ ನನ್ನ ಕೈಗೆ ಒಂದು ಏಟು ಕೊಟ್ಟಳು.

“ಮುಟ್ಟಬ್ಯಾಡ. ಹುಳ ಬಿದ್ರ ಹೊಸಾದು ತುಂಬ್ತೀನಿ.”