ರೈಲು ಕಾಣದ ಊರಿನಿಂದ ಲೈಸೆನ್ಸ್ ಪರೀಕ್ಷೆಗೆ

ಯುದ್ಧ ಮುಗಿದು ಪೆಟ್ರೋಲ್ ತುಸು ಸುಲಭವಾಗಿ ಸಿಗತೊಡಗಿದ ಕಾಲ. ಕುಂದಾಪುರದಲ್ಲಿ ವೈದ್ಯರಾಗಿದ್ದ ನನ್ನ ಯಜಮಾನರು ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಎಡಗೈ ಮುರಿದುಕೊಂಡರು. ಮೂಳೆ ಕೂಡಿತು, ಗೇರ್ ಹಾಕುವ ಬಲ ಮಾತ್ರ ಮರಳಲಿಲ್ಲ. ಬೀಜಾಡಿ, ಕೋಟದ ಕಡೆಯ ಕಾಯಿಲೆಯವರನ್ನು ನೋಡಲು ಕಾರು ಬೇಕೇ ಬೇಕು. ಡ್ರೈವರ್ ಸಿಗಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ, "ನೀನೇ ಕಲಿ ಕಾಂಬ" ಎಂದರು.

ಅವರು ಪಕ್ಕದಲ್ಲಿ ಕೂತು ಹೇಳಿಕೊಟ್ಟದ್ದರಿಂದ ಓಡಿಸುವುದು ಬೇಗ ಕೈಗೆ ಬಂತು. ಆದರೆ ಮಂಗಳೂರಿನಲ್ಲಿ ಓಡಿಸಿ ತೋರಿಸುವ ಮೊದಲು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಿತ್ತು. ಬೈಂದೂರಿನಲ್ಲಿ ಮೇಷ್ಟರಾಗಿದ್ದ ಅಪ್ಪ ಇಂಗ್ಲಿಷ್ ಕಲಿಸಿದ್ದರಿಂದ ನಿಯಮಗಳ ಪುಸ್ತಕ ಓದಬಲ್ಲೆ. ಕಷ್ಟವೆಂದರೆ ಅದರಲ್ಲಿದ್ದ ಅರ್ಧ ಸಂಗತಿ ನಮ್ಮ ಕಡೆ ಇರಲೇ ಇಲ್ಲ.

ಅಡುಗೆಮನೆಯಲ್ಲಿ ಕೂತು ಒಂದೊಂದೇ ನಿಯಮವನ್ನು ಕನ್ನಡಕ್ಕೆ ತಿರುಗಿಸಿ ಅತ್ತೆಗೆ ಹೇಳುತ್ತಿದ್ದೆ. ಬಲಕ್ಕೆ ತಿರುಗುವ ಮೊದಲು ಬಲಗೈ ಹೊರಗೆ ಚಾಚಬೇಕು ಎಂದಾಗ ಅವರು ಕಾಯಿ ಹೆರೆಯುವುದನ್ನು ನಿಲ್ಲಿಸಿದರು.

"ಹಿಂದಿನ್ ಎತ್ತಿನ್ ಗಾಡಿಯವ್ನಿಗೆ ಅದ್ ಎಂತ ಗೊತ್ತಾತ್ತ್?"

ಮರುದಿನ ಕಾರಿನಿಂದ ಕೈ ಚಾಚಿ ನೋಡಿದೆ. ಹಿಂದಿದ್ದ ಗಾಡಿಯವನು ಎತ್ತುಗಳನ್ನು ಚುರುಕುಮಾಡಿ ಪಕ್ಕಕ್ಕೇ ಬಂದ. "ಎಂತ ಅಮ್ಮ, ಕರದ್ರಿಯಾ?"

ರೈಲು ಗೇಟಿನ ನಿಯಮ ಬಂದಾಗ ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. "ನಾವೇ ಯಾಕ್ ನಿಲ್ಕ್? ರೈಲಿಗೆ ಬ್ರೇಕ್ ಇಲ್ಯಾ?"

ಮದರಾಸಿನಲ್ಲಿ ಓದಿದ್ದ ಯಜಮಾನರು ನಕ್ಕರು. "ಇತ್ತ್ ಅಮ್ಮ. ಹಿಡ್ದ ಕೂಡ್ಲೆ ನಿಲ್ಲುದಿಲ್ಲ, ಅಷ್ಟೆ."

"ಎಷ್ಟ್ ದೂರ ಹೋಯಿ ನಿಲ್ಲತ್ತ್?"

ಅದು ಅವರಿಗೂ ಗೊತ್ತಿರಲಿಲ್ಲ. ನನಗಂತೂ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಪರಿಚಯದ ಬಸ್ ಡ್ರೈವರ್ ಒಬ್ಬರು ನಮ್ಮ ಕಾರನ್ನು ಮಂಗಳೂರಿಗೆ ತಲುಪಿಸಿಕೊಟ್ಟರು. ನಾವು ಮೂವರೂ ಪರೀಕ್ಷೆಯ ಹಿಂದಿನ ದಿನವೇ ಹೋದೆವು.

ಸಂಜೆ ಅತ್ತೆಯೂ ನಾನೂ ರೈಲು ನೋಡಲೆಂದೇ ಹಳಿಯ ಗೇಟಿನ ಬಳಿ ಹೋಗಿ ನಿಂತೆವು. ಗೇಟು ಮುಚ್ಚಿತು. ಮೊದಲು ಕಾಲಡಿಯ ನೆಲ ನಡುಗಿತು, ಆಮೇಲೆ ಸದ್ದು, ಆಮೇಲೆ ರೈಲು. ನಾನು ಹಿಂದೆ ಸರಿದೆ, ಅತ್ತೆ ಗೇಟಿನ ಕಂಬಿ ಹಿಡಿದು ಮುಂದೆ ಬಗ್ಗಿದರು. ಡಬ್ಬಿಗಳು ದಾಟಿದ ಮೇಲೆ ಗೇಟಿನವನನ್ನು ಅದೇ ಪ್ರಶ್ನೆ ಕೇಳಿದರು. ಅವನು ಹಳಿಯಾಚೆ ದೂರದಲ್ಲಿದ್ದ ಆಲದ ಮರ ತೋರಿಸಿ, "ಇಲ್ಲಿ ಬ್ರೇಕ್ ಹಿಡಿದರೆ ಅದನ್ನೂ ದಾಟಿ ಹೋಗ್ತದೆ" ಎಂದ. ನಾವಿಬ್ಬರೂ ಬಹಳ ಹೊತ್ತು ಆ ಮರವನ್ನೇ ನೋಡಿದೆವು.

ಮರುದಿನ ಪರೀಕ್ಷೆಯ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ಎದುರಿಗೆ ಬರುವ ಎತ್ತು ಬೆದರಿದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ನಾನು ಕಂಡದ್ದನ್ನೆಲ್ಲ ಬರೆದೆ. ಅಧಿಕಾರಿ ಓದಿ ಕನ್ನಡಕದ ಮೇಲಿಂದ ನೋಡಿದರು.

"ಎಂಜಿನ್ ಆರಿಸುವುದು ಸರಿ. ಗಾಡಿಯವನು ಎತ್ತಿನ ಕಣ್ಣಿಗೆ ಹೆಗಲ ಬೈರಾಸು ಮುಚ್ಚುವವರೆಗೆ ಕಾಯುವುದು ಅಂತ ಬರೆದಿದ್ದೀರಿ. ಇದು ಯಾವ ನಿಯಮ?"

"ನಿಯಮ ಅಲ್ಲ ಸಾರ್. ನಮ್ಮ ಕಡೆ ಹಾಗೆ ಮಾಡ್ತಾರೆ."

"ಮುಚ್ಚಿದರೆ ಸುಮ್ಮನಾಗ್ತವಾ?"

"ಆಗ್ತವೆ."

ಅವರು ಸರಿ ಎಂದು ಗುರುತು ಹಾಕಿದರು. ಮಧ್ಯಾಹ್ನ ಪೇಟೆಯ ಏರಿನಲ್ಲಿ ಓಡಿಸಿಯೂ ತೋರಿಸಿದೆ. ಲೈಸೆನ್ಸ್ ಆಯಿತು.

ಊರಿಗೆ ಹೊರಟಾಗ ಸ್ಟಿಯರಿಂಗ್ ನನ್ನ ಕೈಯಲ್ಲೇ ಇತ್ತು. ಬ್ರಹ್ಮಾವರ ಕಳೆದು ಹೊಳೆ ದಾಟಲು, ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಕಾರು ಹತ್ತಿಸಬೇಕು. ದೋಣಿಯವನು, "ಡ್ರೈವರ್ ಬಿಟ್ಟ್ ಎಲ್ಲ ಇಳೀನಿ" ಎಂದು ಕೂಗಿದ. ಯಜಮಾನರು ಇಳಿದರು. ದೋಣಿಯವನು ನನ್ನನ್ನೂ ಅವರನ್ನೂ ನೋಡಿದ.

"ಡ್ರೈವರ್ ಅವ್ಳೇ" ಎಂದರು ಯಜಮಾನರು.

ಅತ್ತೆ ಹಿಂದಿನ ಸೀಟಿನಿಂದ ಅಲುಗಲಿಲ್ಲ. "ನಾ ಇಳಿತಿಲ್ಲೆ. ಹೆಂಗ್ ಹತ್ತಿಸ್ತೆ ಅಂತ ಕಾಣ್ಕ್."

ಮುಂದಿನ ಚಕ್ರಗಳು ಹಲಗೆ ಮುಟ್ಟಿದಾಗ ಜಂಗಲು ತಗ್ಗಿತು. ಮೆಲ್ಲಗೆ ಹತ್ತಿಸಿ ನಿಲ್ಲಿಸಿದೆ. ಆಚೆ ದಡ ಮುಟ್ಟಿದ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು, "ಇನ್ನೊಂದ್ ಸಲ ನಾ ಮುಂದ್ ಕೂಕಂತೆ" ಎಂದರು.