ಮೂರು ಹಿಡಿ ಉಪ್ಪು

ಪರಸವ್ವ ಕನಸಿನಲ್ಲಿ ಊಟ ಮಾಡುತ್ತಿದ್ದಳು. ತಮಾಷೆಗೆ ಹೇಳುತ್ತಿಲ್ಲ. ಬೆಳಗ್ಗೆ ವಿಜಯಪುರದ ಬಸ್ಸಿಳಿದು ನಾನು ತಿಕೋಟಾದ ನಮ್ಮ ಶಾಲೆಯ ಅಡುಗೆ ಕೋಣೆಯ ಮುಂದೆ ಹಾದರೆ ಸಾಕು, ಅಕ್ಕಿ ಆರಿಸುತ್ತ ಕೂತಲ್ಲಿಂದಲೇ ಆಕೆ ವರದಿ ಒಪ್ಪಿಸುತ್ತಿದ್ದಳು.

"ಅಕ್ಕೋರ, ಇವತ್ತ ತವರಿಗೆ, ಕಾಖಂಡಕಿಗೆ ಹೋಗಿದ್ನಿರಿ. ನಮ್ಮವ್ವ ಬಿಸಿ ರೊಟ್ಟಿ ಮ್ಯಾಲ ಶೇಂಗಾ ಹಿಂಡಿ ಹಾಕಿ, ಎಣ್ಣಿ ಬಿಟ್ಟು ಕೊಟ್ಲು. ಏನ್ ಖಾರ ಅಂತೀರಿ! ಕಣ್ಣಾಗ ನೀರ ಬಂದ್ವು."

"ಎಚ್ಚರಾದ ಮ್ಯಾಲ?"

"ಬಾಯಾಗ ಮಣ್ಣರಿ. ಮತ್ತೇನು."

ಆ ಅವ್ವ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಕನಸಿನ ಮನೆಯಲ್ಲಿ ಮಾತ್ರ ಒಲೆ ಆರಿರಲಿಲ್ಲ. ಜೋಳದ ಹಿಟ್ಟಿನ ಬೂದಿಬಣ್ಣದ ಬೆಳಕು, ಹೊಗೆ, ಬಾಗಿಲಲ್ಲಿ ಮೆಲುಕು ಹಾಕುವ ಎಮ್ಮೆ. ಎಲ್ಲವನ್ನೂ ಆಕೆ ಎಷ್ಟು ನಿಧಾನವಾಗಿ ಹೇಳುತ್ತಿದ್ದಳೆಂದರೆ ನಾನು ಹಾಜರಿ ಗಂಟೆಯನ್ನೂ ಮರೆತು ನಿಲ್ಲುತ್ತಿದ್ದೆ.

ಪರಸವ್ವ ನಮ್ಮ ಬಿಸಿಯೂಟದ ಮುಖ್ಯ ಅಡುಗೆಯವಳು. ಒಂದು ವರ್ಷದ ಹಿಂದೆ ಆಕೆಯ ಕೆನ್ನೆಯ ಒಳಗಿನ ಮಾಯದ ಹುಣ್ಣೊಂದು ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲು ಆಪರೇಷನ್, ಆಮೇಲೆ ಆರು ವಾರ ಕರೆಂಟು, ಎಂದರೆ ರೇಡಿಯೇಷನ್, ಕೊಡುವುದು. ಆ ಆರು ವಾರ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದಳು. ಸಂಜೆ ಪೇಟೆಯಿಂದ ಮಿರ್ಚಿ ಭಜಿಯ ವಾಸನೆ ಕಿಟಕಿಯೊಳಗೆ ಬರುತ್ತಿತ್ತಂತೆ. ಗಂಟಲಲ್ಲಿ ಗಂಜಿಯೂ ಇಳಿಯದವಳು ಕಣ್ಣು ಮುಚ್ಚಿಕೊಂಡು ಒಂದೊಂದೇ ಭಜಿ ಮುಗಿಸುತ್ತಿದ್ದಳಂತೆ. ಕನಸಿನ ಊಟದ ಚಾಳಿ ಹತ್ತಿದ್ದು ಅಲ್ಲೇ.

ದೀಪಾವಳಿ ಮುಗಿಸಿ ಶಾಲೆಗೆ ಮರಳಿದಾಗ ರೋಗ ಹೋಗಿತ್ತು, ರುಚಿ ಮಾತ್ರ ಬಂದಿರಲಿಲ್ಲ. ಬರಬಹುದು, ತಡವಾಗುತ್ತದೆ ಎಂದಿದ್ದರು ಡಾಕ್ಟರು. ಇದು ಗೊತ್ತಿದ್ದದ್ದು ನನಗೊಬ್ಬಳಿಗೇ ಎಂದು ನಾವಿಬ್ಬರೂ ತಿಳಿದಿದ್ದೆವು. ಮಕ್ಕಳಿಗೆ ಬಡಿಸುವ ಮೊದಲು ಅಡುಗೆಯವರೊಬ್ಬರು, ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಪರಸವ್ವ ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ, "ಬರೋಬರಿ ಐತ್ರಿ" ಎನ್ನುತ್ತಿದ್ದಳು. ನಾನು ತಿಂದು ನೋಡುತ್ತಿದ್ದೆ. ನಿಜಕ್ಕೂ ಬರೋಬರಿ ಇರುತ್ತಿತ್ತು. ಎಂಟು ವರ್ಷದಿಂದ ನೂರೆಂಬತ್ತು ಮಕ್ಕಳ ಸಾರಿಗೆ ಆಕೆ ಹಾಕುತ್ತಿದ್ದದ್ದು ಎಣಿಸಿ ಮೂರು ಹಿಡಿ ಉಪ್ಪು. ಚಮಚ, ತಕ್ಕಡಿ ಮುಟ್ಟಿದವಳಲ್ಲ.

"ನಾಲಿಗಿ ಮರತ್ರೂ ಕೈ ಮರತಿಲ್ಲ ನೋಡ್ರಿ," ಎಂದು ಬೀಗುತ್ತಿದ್ದಳು. ಆದರೆ ಒಂದು ದಿನ ಮೆಲ್ಲಗೆ ಹೇಳಿದಳು: "ರುಚಿ ತಿಳೀದಾಕಿ ಒಲಿ ಮುಂದ ನಿಂತ್ರ ಮಕ್ಳಿಗೆ ಮೋಸ ಮಾಡಿದಂಗರಿ. ಸಾಲಿ ಬ್ಯಾಸಗಿ ಸೂಟಿ ಬಿಡೂದ್ರಾಗ ನಾಲಿಗಿ ತಿರುಗಿ ಬರಲಿಲ್ಲಂದ್ರ ನಾ ಬಿಡ್ತೀನಿ." ಹಟಮಾರಿ ಹೆಂಗಸು, ಅಂದದ್ದನ್ನು ಮಾಡಿಯೇ ತೀರುವವಳು.

ಮಾರ್ಚ್ ಬಂತು. ಬಿಸಿಲಿಗೆ ಶಾಲೆಯ ಅಂಗಳ ನೀರಿನಂತೆ ಅಲುಗಾಡುತ್ತಿತ್ತು. ಊಟವಾದ ಮೇಲೆ ಮಕ್ಕಳು ನಳಕ್ಕೆ ಮುಗಿಬೀಳುತ್ತಿದ್ದರು. ಬಿಸಿಲಲ್ಲವೇ ಎಂದುಕೊಂಡೆ. ಸಾರು ಒಂದೆರಡು ವಾರದಿಂದ ನನ್ನ ಬಾಯಿಗೂ ತುಸು ಉಪ್ಪುಪ್ಪು ಎನಿಸುತ್ತಿತ್ತು. ಹೇಳಿದರೆ ಆಕೆ ಅಂದೇ ಸೌಟು ಕೆಳಗಿಡುತ್ತಾಳೆ ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ. ಉಪ್ಪಿಗಿಂತ ರುಚಿ ಬೇರೆ ಇಲ್ಲ ಎಂದು ತರಗತಿಯಲ್ಲಿ ಗಾದೆ ಹೇಳಿಕೊಡುವವಳ ಗತಿ ಇದು.

ಒಂದು ಗುರುವಾರ. ಪರಸವ್ವ ಎಂದಿನಂತೆ ಅಂಗೈ ನೆಕ್ಕಿದಳು, ಎಂದಿನಂತೆ "ಬರೋ..." ಎಂದಳು. ಅಲ್ಲಿಗೇ ನಿಂತಳು. ಇನ್ನೊಂದು ಹನಿ ಹಾಕಿಕೊಂಡಳು. ಆಕೆಯ ಕಣ್ಣುಗಳು ಎಲ್ಲೋ ದೂರದಲ್ಲಿದ್ದವು.

"ಅಕ್ಕೋರ, ನಾ ಎಚ್ಚರ ಅದೇನಿಲ್ರಿ?"

"ಯಾಕ ಪರಸವ್ವ?"

"ಉಪ್ಪರಿ! ಉಪ್ಪ ಹೆಚ್ಚಾಗೇತಿ! ನನಗ ಉಪ್ಪ ಹತ್ತಾಕತ್ತೇತ್ರಿ!"

ಅಳುತ್ತ, ನಗುತ್ತ ಮತ್ತೆ ಮತ್ತೆ ನೆಕ್ಕಿದಳು. ನಾನೂ ಅತ್ತೆ, ಅದರಲ್ಲಿ ನಾಚಿಕೆ ಏನು. ಆದರೆ ಆಕೆಯ ಸಹಾಯಕಿ ದುಂಡವ್ವ ಮಾತ್ರ ಬಾಗಿಲ ಬಳಿ ಬಿಳಚಿಕೊಂಡು ನಿಂತಿದ್ದಳು.

"ತಪ್ಪಾತ ಯಕ್ಕಾ. ಅದು ನಾ ಹಾಕಿದ್ದು."

"ನೀ ಯಾಕ ಹಾಕಿದಿ? ನಾ ಮೂರ ಹಿಡಿ ಹಾಕೇನಲ್ಲ?"

ದುಂಡವ್ವ ಸೆರಗಿಗೆ ಕೈ ಒರೆಸಿಕೊಂಡಳು. "ನೀ ದವಾಖಾನಿಂದ ಬಂದಾಗ ನಿನ್ನ ಕೈ ಕಡ್ಡಿ ಆಗಿತ್ತ ಯಕ್ಕಾ. ಮೂರ ಹಿಡಿ ಅಂದ್ರ ಎರಡರಷ್ಟೂ ಬೀಳ್ತಿರಲಿಲ್ಲ. ಮೊದಲನೇ ದಿನಾನ ಸಾರು ಸಪ್ಪಗಿತ್ತು. ಹೇಳಿದ್ರ ನೀ ಬಿಟ್ಟ ಹೋಗ್ತಿದ್ದಿ. ಅದಕ್ಕ ನೀ ಆ ಕಡೆ ತಿರುಗಿದಾಗ ದಿನಾ ಒಂದ ಹಿಡಿ ನಾನ ಹಾಕಾಕತ್ನಿ."

"ನಾಕ ತಿಂಗಳಾ?"

"ಹೂಂ. ನಿನ್ನ ಕೈ ತುಂಬಿ ಬಂದದ್ದ ನಾ ನೋಡಲಿಲ್ಲ."

ನಾನೂ ನೋಡಿರಲಿಲ್ಲ. ದಿನಾ ಕನಸು ಕೇಳುತ್ತ ನಿಂತವಳು, ಎದುರಿಗೇ ಮೈ ತುಂಬಿಕೊಳ್ಳುತ್ತಿದ್ದ ಹೆಂಗಸನ್ನು ನೋಡಿರಲಿಲ್ಲ. ಪರಸವ್ವ ಬಲಗೈ ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಬಳೆ ಮಣಿಕಟ್ಟಿಗೆ ಬಿಗಿಯಾಗಿ ಕೂತಿತ್ತು. ಬಯ್ಯುತ್ತಾಳೆಂದು ದುಂಡವ್ವ ತಲೆ ತಗ್ಗಿಸಿದಳು.

ಹೊರಗೆ ಮಕ್ಕಳು ತಾಟು ಬಡಿಯತೊಡಗಿದ್ದರು. ಪರಸವ್ವ ಸಾರಿಗೆ ಎರಡು ತಂಬಿಗೆ ಬಿಸಿನೀರು ಸುರಿದು, ಬೆಂದ ಬೇಳೆ ಕಲಸಿ, ದುಂಡವ್ವನ ಬೆನ್ನ ಮೇಲೆ ಕೈಯಿಟ್ಟಳು.

"ನಾಳಿಂದ ನೀ ಹಾಕಬ್ಯಾಡ," ಎಂದಳು. "ನಂದು ಸಾಕಾಗ್ತೈತಿ."